ದಪ್ಪ, ಫ್ಯೂಚರಿಸ್ಟಿಕ್ ಅಕ್ಷರ ಬೇಕಾ? ಬೋರ್ಡಿಗೆ, ಪೋಸ್ಟರಿಗೆ ಯಾವ ಫಾಂಟ್ ಆರಿಸಬೇಕು

ಕಾಲೇಜಿನ ಟೆಕ್ ಫೆಸ್ಟ್ ಪೋಸ್ಟರ್, ಹೊಸ ಮೊಬೈಲ್ ಅಂಗಡಿ, ಜಿಮ್, ಗೇಮಿಂಗ್ ಕೆಫೆ, ಎಲೆಕ್ಟ್ರಿಕ್ ಸ್ಕೂಟರ್ ಶೋರೂಮ್, ಸ್ಟಾರ್ಟಪ್ ಲೋಗೋ. ಇವರೆಲ್ಲರೂ ಡಿಸೈನರಿಗೆ ಹೇಳುವುದು ಒಂದೇ ಮಾತು: ಅಕ್ಷರ ದಪ್ಪ ಇರಬೇಕು, ಸ್ವಲ್ಪ ಮುಂದಿನ ಕಾಲದ್ದು ಅನ್ನಿಸಬೇಕು. ಹುಬ್ಬಳ್ಳಿಯ ವಿದ್ಯಾನಗರದಿಂದ ನವನಗರದ ಕಡೆ ಹೋಗುವಾಗ ರಸ್ತೆಯ ಎರಡೂ ಬದಿ ಬೋರ್ಡು ನೋಡುತ್ತಾ ಹೋಗಿ. ಇಂಗ್ಲಿಷ್ ಹೆಸರು ಚೌಕ ಚೌಕವಾದ, ಅಗಲವಾದ ಅಕ್ಷರದಲ್ಲಿ ಮಿಂಚುತ್ತಿರುತ್ತದೆ. ಕನ್ನಡದ ಹೆಸರು ಮಾತ್ರ ಕಂಪ್ಯೂಟರಿನಲ್ಲಿ ಮೊದಲು ಸಿಕ್ಕ ಫಾಂಟಿನಲ್ಲಿ, ಆ ಇಂಗ್ಲಿಷಿಗೂ ತನಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಕೂತಿರುತ್ತದೆ. ನೋಡಿದರೆ ಬೇಜಾರಾಗುತ್ತದೆ. ಒಂದೇ ಅಂಗಡಿ, ಒಂದೇ ಹೆಸರು, ಅಲ್ವಾ?

ಇದಕ್ಕೆ ಕಾರಣ ಫಾಂಟ್ ಆರಿಸುವ ಕ್ರಮ. ಎಲ್ಲರೂ ಇಂಗ್ಲಿಷ್ ಫಾಂಟ್ ಮೊದಲು ಆರಿಸುತ್ತಾರೆ, ಕೊನೆಗೆ ಕನ್ನಡಕ್ಕೆ ಏನಾದರೂ ಹಾಕು ಅನ್ನುತ್ತಾರೆ. ಅದನ್ನು ತಿರುಗಿಸಿ. ಕನ್ನಡ ಮೊದಲು, ಆಮೇಲೆ ಅದಕ್ಕೆ ಹೊಂದುವ ಇಂಗ್ಲಿಷ್. ಇಂಗ್ಲಿಷಿನಲ್ಲಿ ಇಂಥ ಫಾಂಟು ಬೇಕಾದಷ್ಟಿವೆ, ಒಂದು ಹೊಂದದಿದ್ದರೆ ಇನ್ನೊಂದು ಸಿಗುತ್ತದೆ. ಕನ್ನಡದಲ್ಲಿ ನಿಜವಾಗಿ ಕೆಲಸಕ್ಕೆ ಬರುವವು ಬೆರಳೆಣಿಕೆಯಷ್ಟು. ಕಮ್ಮಿ ಇರುವುದನ್ನೇ ಮೊದಲು ಗಟ್ಟಿ ಮಾಡಿಕೊಳ್ಳಬೇಕು. ಬೋರ್ಡಿನ ಮಟ್ಟಿಗೆ ಕಾನೂನೂ ಇದನ್ನೇ ಕೇಳುತ್ತದೆ. ರಾಜ್ಯದ ಭಾಷಾ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಂಗಡಿ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲಿನ ಭಾಗದಲ್ಲಿ. ಅಂದಮೇಲೆ ನಿಮ್ಮ ಅಂಗಡಿಯ ಮುಖ ಕನ್ನಡ ಅಕ್ಷರವೇ.

ಫ್ಯೂಚರ್ ಅನ್ನಿಸುವುದು ಯಾವುದರಿಂದ

ಇಂಗ್ಲಿಷಿನಲ್ಲಿ ಈ ನೋಟ ಹೊಸದೇನಲ್ಲ. 1952ರಲ್ಲಿ ಇಟಲಿಯ ತೂರಿನ್ ನಗರದ ನೆಬಿಯೊಲೊ ಕಂಪನಿಗೆ ಅಲೆಸ್ಸಾಂಡ್ರೊ ಬುಟ್ಟಿ ಮತ್ತು ಆಲ್ಡೊ ನೊವಾರೆಸೆ ಸೇರಿ ಮೈಕ್ರೊಗ್ರಾಮಾ ಅನ್ನುವ ಅಕ್ಷರ ಮಾಡಿದರು. ಅದರಲ್ಲಿ ದೊಡ್ಡಕ್ಷರ ಮಾತ್ರ ಇದ್ದವು. 1962ರಲ್ಲಿ ನೊವಾರೆಸೆ ಅದಕ್ಕೆ ಸಣ್ಣಕ್ಷರ ಸೇರಿಸಿ ಯೂರೊಸ್ಟೈಲ್ ಮಾಡಿದರು. ಹಳೇ ಟಿವಿ ಪರದೆಯ ಆಕಾರ ನೆನಪಿದೆಯಲ್ಲ, ಪೂರ್ತಿ ಚೌಕವೂ ಅಲ್ಲ, ಪೂರ್ತಿ ದುಂಡೂ ಅಲ್ಲ, ಮೂಲೆ ಮಾತ್ರ ಉಜ್ಜಿದಂತೆ. ಆ ಅಕ್ಷರಗಳ ಒಳಗಿರುವುದು ಅದೇ ಆಕಾರ. ಇವತ್ತು ಉಚಿತವಾಗಿ ಸಿಗುವ ಮಿಕ್ರೋಮಾ ನೇರವಾಗಿ ಇದೇ ಮನೆತನದ್ದು. ಮ್ಯಾಟ್ ಮ್ಯಾಕ್‌ಇನರ್ನಿ ಮಾಡಿದ ಆರ್ಬಿಟ್ರಾನ್ ಕೂಡ ದೂರದ ನೆಂಟ.

ಈ ಅಕ್ಷರಗಳನ್ನು ಬಿಡಿಸಿ ನೋಡಿದರೆ ಸಿಗುವುದು ಇಷ್ಟು: ಅಗಲ ಜಾಸ್ತಿ, ಗೆರೆಯ ದಪ್ಪ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ, ಮೂಲೆ ಉಜ್ಜಿದ ಚೌಕ, ತುದಿ ನೇರವಾಗಿ ಕಡಿದದ್ದು. ಇನ್ನೊಂದು ಉಪಾಯವೂ ಇದೆ, ಅಕ್ಷರದ ಒಂದು ಭಾಗವನ್ನು ತೆಗೆದುಬಿಡುವುದು. ನಾಸಾದ 1975ರ ಲೋಗೋ ಇದಕ್ಕೆ ಹೆಸರಾದದ್ದು, ಅದರ ಎರಡೂ ‘ಎ’ ಅಕ್ಷರಗಳಿಗೆ ಅಡ್ಡ ಗೆರೆಯೇ ಇಲ್ಲ. ಆದರೂ ಓದಲು ಕಷ್ಟವಿಲ್ಲ, ಹೊರಗಿನ ಆಕಾರ ಸಾಕು.

ಕನ್ನಡದಲ್ಲಿ ಮೊದಲಿನ ನಾಲ್ಕನ್ನೂ ಮಾಡಬಹುದು. ಈ ಐದನೆಯದನ್ನು ಮಾಡಲೇಬಾರದು. ಎಷ್ಟೋ ಹುಡುಗರು ಕನ್ನಡ ಲೋಗೋ ಮಾಡುವಾಗ ನಾಸಾ ಥರ ಇರಲಿ ಅಂತ ತಲೆಕಟ್ಟು ತೆಗೆಯುತ್ತಾರೆ. ನಮ್ಮ ತಲೆಕಟ್ಟು ಸುಮ್ನೆ ಅಲಂಕಾರಕ್ಕೆ ಇರುವುದಲ್ಲ. ಗುಡಿಸು, ಏತ್ವ ಕೂರುವ ಜಾಗವೇ ಅದು, ಸ್ವರದ ಗುರುತು ಅಲ್ಲೇ ಇರುತ್ತದೆ. ‘ಗದಗ’ ಅಂತ ಬರೆದು ತಲೆಕಟ್ಟು ತೆಗೆದು ನೋಡಿ. ಎರಡು ಕಮಾನು, ನಡುವೆ ಒಂದು ಸುರುಳಿ ಉಳಿಯುತ್ತದೆ. ಗದಗಿನವರೇ ಓದಲಾರರು. ಬ, ಲ, ಜ, ಖ, ಣ ಇವಕ್ಕೆ ಮೊದಲೇ ತಲೆಕಟ್ಟು ಇಲ್ಲ, ಹಾಗಾಗಿ ಆ ಅಕ್ಷರಗಳಷ್ಟೇ ಇರುವ ಹೆಸರಾದರೆ ನಿಮ್ಮ ಅದೃಷ್ಟ. ಇಂಗ್ಲಿಷಿನಲ್ಲೂ ಇಂಥ ಪ್ರಯೋಗಕ್ಕೆ ಒಂದು ಮಿತಿ ಇದೆ. ಡಚ್ ಡಿಸೈನರ್ ವಿಮ್ ಕ್ರೌವೆಲ್ 1967ರಲ್ಲಿ ಆಗಿನ ಕಂಪ್ಯೂಟರ್ ಪರದೆಗೆಂದು ಅಡ್ಡ, ಉದ್ದ ಗೆರೆಗಳಲ್ಲೇ ಒಂದು ಹೊಸ ಅಕ್ಷರಮಾಲೆ ಮಾಡಿದರು. ನೋಡಲು ಅದ್ಭುತ, ಅದರ ಕೆಲವು ಅಕ್ಷರಗಳು ಮಾತ್ರ ಯಾವುದು ಅಂತ ಗೊತ್ತೇ ಆಗುವುದಿಲ್ಲ.

ಮೊದಲು ಈ ಪದಗಳಲ್ಲಿ ಪರೀಕ್ಷೆ ಮಾಡಿ

ಫಾಂಟ್ ಪುಟದಲ್ಲಿ ಕಾಣುವ ‘ಅಆಇಈ’ ನೋಡಿ ಮರುಳಾಗಬೇಡಿ. ಅಲ್ಲಿ ಎಲ್ಲ ಫಾಂಟೂ ಚಂದವೇ. ನಮ್ಮ ಊರಿನ ಹೆಸರುಗಳೇ ಒಳ್ಳೆಯ ಪರೀಕ್ಷೆ.

‘ಹುಬ್ಬಳ್ಳಿ’ ಬರೆಯಿರಿ. ಪಕ್ಕಪಕ್ಕದಲ್ಲೇ ಎರಡು ಒತ್ತು. ಫಾಂಟ್ ದಪ್ಪ ಮಾಡುತ್ತಾ ಹೋದಂತೆ ಒತ್ತಿನ ಒಳಗಿನ ಖಾಲಿ ಜಾಗ ತುಂಬುತ್ತಾ ಬರುತ್ತದೆ. ಒಳ್ಳೆಯ ಫಾಂಟಿನಲ್ಲಿ ಒತ್ತಿನ ಗೆರೆಯನ್ನು ಮೇಲಿನ ಅಕ್ಷರಕ್ಕಿಂತ ತುಸು ತೆಳು ಮಾಡಿರುತ್ತಾರೆ, ಅದಕ್ಕೇ ಎರಡೂ ಒಂದೇ ದಪ್ಪ ಅನ್ನಿಸುತ್ತದೆ. ಕೆಟ್ಟ ಫಾಂಟಿನಲ್ಲಿ ಒತ್ತು ಕಪ್ಪು ಮುದ್ದೆ.

‘ಧಾರವಾಡ’ದಲ್ಲಿ ಒತ್ತಿಲ್ಲ, ಒಂದೇ ಸಾಲಿನಲ್ಲಿ ಆರಾಮಾಗಿ ಹರಡಿಕೊಳ್ಳುತ್ತದೆ. ಆದರೆ ಅಲ್ಲಿ ‘ಧ’ ಇದೆ. ದ ಮತ್ತು ಧಕ್ಕೆ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಡ–ಢ, ಪ–ಫ ಇವಕ್ಕೂ ಹಾಗೇ. ಅತಿ ದಪ್ಪದಲ್ಲಿ ಆ ಸೀಳು ಮುಚ್ಚಿಹೋದರೆ ಊರಿನ ಹೆಸರು ‘ದಾರವಾಡ’ ಆಗುತ್ತದೆ, ಫೆಸ್ಟ್ ‘ಪೆಸ್ಟ್’ ಆಗುತ್ತದೆ. ಠ ಒಳಗಿನ ಚುಕ್ಕೆಯೂ ಹೀಗೇ ಕಾಣೆಯಾಗುತ್ತದೆ, ಆಗ ಮಠ ‘ಮರ’.

‘ದುರ್ಗದಬೈಲ್’ ಅರ್ಕಾವೊತ್ತಿಗೆ. ‘ಎಲೆಕ್ಟ್ರಾನಿಕ್ಸ್’ ಮೂರು ಅಕ್ಷರ ಮೇಲೆ ಕೆಳಗೆ ಒಟ್ಟಾದಾಗ ಏನಾಗುತ್ತದೆ ಅಂತ ನೋಡಲು. ಈ ನಾಲ್ಕೂ ಪದ ಸರಿ ಬಂದರೆ ಆ ಫಾಂಟನ್ನು ನಂಬಬಹುದು. ಪರದೆ ತುಂಬಾ ದೊಡ್ಡದು ಮಾಡಿ ನೋಡಬೇಡಿ. ಹೆಬ್ಬೆರಳಿನ ಉಗುರಿನಷ್ಟು ಸಣ್ಣದು ಮಾಡಿ, ಫೋನನ್ನು ಕೈ ಉದ್ದಕ್ಕೆ ಹಿಡಿದು ಮನೆಯಲ್ಲಿ ಯಾರಿಗಾದರೂ ತೋರಿಸಿ. “ಛಲೋ ಅದ, ಆದ್ರ ಓದಾಕ ಬರವಲ್ದು” ಅಂದರೆ ಅಲ್ಲಿಗೆ ಅದನ್ನು ಬಿಡಿ.

ಈಗ ಒಂದೊಂದಾಗಿ

ನನ್ನ ಮೊದಲ ಆಯ್ಕೆ ಅನೇಕ್ ಕನ್ನಡ. ಮುಂಬೈನ ಏಕ್ ಟೈಪ್ ತಂಡದ್ದು, ಕನ್ನಡ ಅಕ್ಷರ ಬರೆದದ್ದು ವೈಷ್ಣವಿ ಮೂರ್ತಿ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಇದು ವೇರಿಯಬಲ್ ಫಾಂಟ್, ಅಂದರೆ ಒಂದೇ ಫೈಲಿನಲ್ಲಿ ದಪ್ಪ 100ರಿಂದ (ಅತಿ ತೆಳು) 800ರವರೆಗೆ (ಅತಿ ದಪ್ಪ), ಅಗಲ 75ರಿಂದ 125ರವರೆಗೆ (100 ಅಂದರೆ ಸಾಮಾನ್ಯ ಅಗಲ), ನಡುವಿನ ಯಾವ ಅಳತೆ ಬೇಕಾದರೂ ಸಿಗುತ್ತದೆ. ಫ್ಯೂಚರ್ ನೋಟಕ್ಕೆ ಬೇಕಾದದ್ದು ಇದರ ಅಗಲವೇ. 125ಕ್ಕೆ ಎಳೆದು ದಪ್ಪ 700–800ಕ್ಕೆ ಇಟ್ಟರೆ ದುಂಡು ಅಕ್ಷರ ಹಿಗ್ಗಿ ಚಪ್ಪಟೆಯಾಗುತ್ತದೆ, ಮೇಲಿನ ಕೆಳಗಿನ ಗೆರೆ ನೇರವಾಗುತ್ತಾ ಬರುತ್ತವೆ. ಮೈಕ್ರೊಗ್ರಾಮಾದಲ್ಲಿ ಕಾಣುವ ಆ ಪರದೆಯ ಆಕಾರಕ್ಕೆ ಕನ್ನಡ ಇಷ್ಟು ಹತ್ತಿರ ಬರುವುದು, ತಲೆಕಟ್ಟು ಒತ್ತು ಏನನ್ನೂ ಕಳೆದುಕೊಳ್ಳದೆ ಬರುವುದು, ನನಗಂತೂ ಬಹಳ ಖುಷಿ ಕೊಟ್ಟ ವಿಷಯ. ಫ್ಲೆಕ್ಸ್ ಅಂಗಡಿಯವರು ಡಿಸೈನಿಗೆ ಬಳಸುವ ಕೋರಲ್‌ಡ್ರಾದಲ್ಲಿ ಸಾದಾ ಫಾಂಟನ್ನು ಪಕ್ಕಕ್ಕೆ ಎಳೆದು ಅಗಲ ಮಾಡುತ್ತಾರಲ್ಲ, ಅದೂ ಇದೂ ಒಂದೇ ಅಲ್ಲ. ಎಳೆದಾಗ ನಿಂತ ಗೆರೆಗಳಷ್ಟೇ ದಪ್ಪವಾಗುತ್ತವೆ, ಅಡ್ಡ ಗೆರೆ ಹಾಗೇ ಉಳಿದು ಅಕ್ಷರ ಊದಿಕೊಂಡಂತೆ ಕಾಣುತ್ತದೆ. ಇಲ್ಲಿ ಪ್ರತಿ ಅಗಲಕ್ಕೂ ಗೆರೆಯನ್ನು ಸರಿಮಾಡಿರುತ್ತಾರೆ. ಜೊತೆಗೆ ಇದರದ್ದೇ ಇಂಗ್ಲಿಷ್ ಅಕ್ಷರವೂ ಇದೆ, ಹೊಂದಿಸುವ ತಲೆನೋವೇ ಇಲ್ಲ.

ಬಾಲೂ ತಮ್ಮ 2 ಅದೇ ತಂಡದ್ದು, ದಪ್ಪ 400ರಿಂದ 800. ಗುಂಡಗೆ, ತುಂಬಿಕೊಂಡು, ತುದಿಯೆಲ್ಲ ಮೃದು. ದೂರದಿಂದ ಚೆನ್ನಾಗಿ ಓದಬಹುದು, ಒತ್ತುಗಳೂ ಸ್ಪಷ್ಟ. ಆದರೆ ಇದು ನಗುವ ಅಕ್ಷರ. ಮಕ್ಕಳ ರೋಬೋಟಿಕ್ಸ್ ಶಿಬಿರಕ್ಕೆ, ಐಸ್‌ಕ್ರೀಮ್ ಅಂಗಡಿಗೆ, ಆಟಿಕೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಎಲೆಕ್ಟ್ರಿಕ್ ಸ್ಕೂಟರ್ ಶೋರೂಮಿಗೆ ಹಾಕಿದರೆ ಆಟದ ಸಾಮಾನು ಮಾರುತ್ತಾರೇನೋ ಅನ್ನಿಸುತ್ತದೆ.

ನೋಟೊ ಸಾನ್ಸ್ ಕನ್ನಡ 900ರ ದಪ್ಪದವರೆಗೂ ಹೋಗುತ್ತದೆ. ಯಾವ ಪದ ಕೊಟ್ಟರೂ ಸರಿಯಾಗಿ ಕೂಡಿಸುತ್ತದೆ, ಒತ್ತು ತಪ್ಪುವುದಿಲ್ಲ. ನೋಟ ಸಪ್ಪೆ. ಆಂಡ್ರಾಯ್ಡ್ ಫೋನಿನಲ್ಲಿ ದಿನಾ ನೋಡುವ ಅಕ್ಷರವೇ ಆದ್ದರಿಂದ ಹೊಸತು ಅನ್ನಿಸುವುದಿಲ್ಲ. ಇದರ ನಿಜವಾದ ಉಪಯೋಗ ಇಕ್ಕಟ್ಟಿನಲ್ಲಿ. ಇದಕ್ಕೆ ಕಿರಿದಾದ ಅಗಲಗಳಿವೆ. ‘ಶ್ರೀ ವೀರಭದ್ರೇಶ್ವರ ಎಲೆಕ್ಟ್ರಾನಿಕ್ಸ್ ಆ್ಯಂಡ್ ಮೊಬೈಲ್ಸ್’ ಥರದ ಹೆಸರನ್ನು ಹತ್ತು ಅಡಿ ಬೋರ್ಡಿನಲ್ಲಿ ಒಂದೇ ಸಾಲಿಗೆ ಕೂರಿಸಬೇಕು ಅಂದಾಗ ಇದು ಕೈಹಿಡಿಯುತ್ತದೆ.

‘ಹುಬ್ಬಳ್ಳಿ’ ಅನ್ನುವ ಹೆಸರಿನ ಫಾಂಟೇ ಒಂದಿದೆ, ಎರಿನ್ ಮೆಕ್‌ಲಾಫ್ಲಿನ್ ಮಾಡಿದ್ದು, ಕನ್ನಡ ಮತ್ತು ಇಂಗ್ಲಿಷ್ ಎರಡೂ ಇವೆ. ನಮ್ಮೂರಿನ ಹೆಸರು ನೋಡಿ ಎಲ್ಲರೂ ಮೊದಲು ಅದನ್ನೇ ಇಳಿಸಿಕೊಳ್ಳುತ್ತಾರೆ, ಸಹಜ. ಆದರೆ ಅದು ಒಂದೇ ದಪ್ಪದ ಗೆರೆಯಲ್ಲಿ ಕೈಯಲ್ಲಿ ಬರೆದಂತೆ ಸಲೀಸಾಗಿರುವ ಅಕ್ಷರ, ಬೋಲ್ಡ್ ಇಲ್ಲ. ದೊಡ್ಡ ಹೆಸರಿಗೆ ಬೇಡ. ಹೆಸರಿನ ಕೆಳಗೆ ಬರುವ ಒಂದು ಸಾಲಿಗೆ, ಮೆನು ಕಾರ್ಡಿಗೆ, ಆಮಂತ್ರಣಕ್ಕೆ ಬಳಸಿ. ದಪ್ಪ ಅನೇಕ್ ಕೆಳಗೆ ಅದು ನಿಜಕ್ಕೂ ಚಂದ ಕಾಣುತ್ತದೆ.

ಇನ್ನು ಅಂಗಡಿಯ ಹಳೇ ಕಂಪ್ಯೂಟರಿನಲ್ಲಿರುವ ಅಲಂಕಾರದ ಫಾಂಟುಗಳು. ಯುನಿಕೋಡ್ (ಎಲ್ಲ ಫೋನ್, ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ, ನುಡಿ, ಶ್ರೀಲಿಪಿಯಂಥ ಹಳೇ ಕನ್ನಡ ಸಾಫ್ಟ್‌ವೇರ್ ಕಾಲದವು. ಕೆಲವು ನಿಜವಾಗಿಯೂ ಒಳ್ಳೆಯ ದಪ್ಪ ಅಕ್ಷರಗಳು, ಅಲ್ಲಗಳೆಯುವುದಿಲ್ಲ. ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ವರ್ಷಗಟ್ಟಲೆ ಕೂತು ಡಿಟಿಪಿ ಮಾಡಿದವರ ಕೈಯಲ್ಲಿ ಅವು ಬಹಳ ನಾಜೂಕಾಗಿ ಬರುತ್ತವೆ. ಫ್ಲೆಕ್ಸಿಗೆ ಮಾತ್ರವಾದರೆ ಬಳಸಿ. ಅದೇ ಹೆಸರು ನಾಳೆ ವೆಬ್‌ಸೈಟಿಗೂ ಇನ್‌ಸ್ಟಾಗ್ರಾಮಿಗೂ ಬೇಕು ಅಂದರೆ ಮೊದಲ ದಿನವೇ ಯುನಿಕೋಡ್ ಹಿಡಿಯಿರಿ.

ಎಲ್ಲಕ್ಕಿಂತ ಮೇಲಿನದು ಅಕ್ಷರವನ್ನೇ ಹೊಸದಾಗಿ ಬರೆಸುವುದು. ಎರಡು, ಮೂರು, ನಾಲ್ಕು ಅಕ್ಷರದ ಹೆಸರಾದರೆ ಖರ್ಚಾದರೂ ಪರವಾಗಿಲ್ಲ, ಬರೆಸಿ. ‘ಹಾವೇರಿ’ಯಂಥ ಒತ್ತಿಲ್ಲದ ಹೆಸರಾದರೆ ಚೌಕದ ಒಳಗೆ ಕೂರಿಸಲು ಹೇಳಿ ಮಾಡಿಸಿದಂತಿದೆ. ಆದರೆ ಬರೆಯುವವರು ಕನ್ನಡ ಓದಿ ಬೆಳೆದವರಾಗಿರಲಿ. ಇಂಗ್ಲಿಷ್ ‘ಒ’, ‘ಯು’ ತುಂಡು ಕತ್ತರಿಸಿ ಅಂಟಿಸಿ ಕನ್ನಡ ಮಾಡಿದರೆ ಅದು ಕನ್ನಡದ ಥರ ಕಾಣುವ ಏನೋ ಆಗುತ್ತದೆ, ಅಕ್ಷರ ಆಗುವುದಿಲ್ಲ.

ಜೊತೆಗೆ ಯಾವ ಇಂಗ್ಲಿಷ್

ಅಗಲ ಅನೇಕ್ ಪಕ್ಕ ಆರ್ಬಿಟ್ರಾನ್ ಚೆನ್ನಾಗಿ ನಿಲ್ಲುತ್ತದೆ, 700ರಿಂದ 900ರ ದಪ್ಪದಲ್ಲಿ. ಮಿಕ್ರೋಮಾ ಇನ್ನೂ ಗಂಭೀರ, ಆದರೆ ಒಂದೇ ದಪ್ಪ, ಕನ್ನಡದ ತೂಕಕ್ಕೆ ಹೊಂದಿಸಲು ಕಷ್ಟ. ಆಡಿಯೋವೈಡ್ ಕಾರು, ಬೈಕು, ಡಿಜೆ ಸೌಂಡ್ ಅನ್ನುವ ಕಡೆಗೆ. ಎಕ್ಸೊ 2ರಲ್ಲಿ ತೆಳುವಿನಿಂದ ಅತಿ ದಪ್ಪದವರೆಗೆ ಎಲ್ಲ ಇದೆ, ಸಣ್ಣ ಗಾತ್ರದಲ್ಲೂ ಓದಬಹುದು, ಹಾಗಾಗಿ ಸ್ಟಾರ್ಟಪ್‌ನವರಿಗೆ ನಾನು ಹೇಳುವುದು ಇದನ್ನೇ. ಹಿಂದಿಯೋ ಮರಾಠಿಯೋ ಕೂಡ ಬೇಕಾದರೆ ರಾಜಧಾನಿ ನೋಡಿ, ಚೌಕ ಮೈಕಟ್ಟಿನ ದೇವನಾಗರಿ ಇದೆ. ಇವು ಯಾವುದರಲ್ಲೂ ಕನ್ನಡ ಇಲ್ಲ. ಆರ್ಬಿಟ್ರಾನ್ ಆರಿಸಿಕೊಂಡು ಕನ್ನಡ ಟೈಪ್ ಮಾಡಿದರೆ ಬರುವುದು ಆರ್ಬಿಟ್ರಾನ್ ಅಲ್ಲ, ಕಂಪ್ಯೂಟರ್ ತನಗೆ ತೋಚಿದ ಬೇರೆ ಫಾಂಟ್ ಹಾಕಿರುತ್ತದೆ. ಬೀದಿಯಲ್ಲಿ ಕಾಣುವ ಹೊಂದದ ಬೋರ್ಡುಗಳಲ್ಲಿ ಎಷ್ಟೋ ಹೀಗೆ ಹುಟ್ಟಿದವೇ.

ಗಾತ್ರ ಹೊಂದಿಸುವಾಗ ಪಾಯಿಂಟ್ ಅಳತೆ ನೋಡಬೇಡಿ, ಕಣ್ಣಳತೆ ನೋಡಿ. ಎರಡಕ್ಕೂ 72 ಕೊಟ್ಟರೆ ಇಂಗ್ಲಿಷ್ ದೊಡ್ಡಕ್ಷರ ಕನ್ನಡವನ್ನು ತುಳಿದಂತೆ ಕಾಣಬಹುದು. ಕನ್ನಡ ‘ಗ’ದ ಮೈ ಎತ್ತರ ಇಂಗ್ಲಿಷ್ ದೊಡ್ಡಕ್ಷರಕ್ಕೆ ಸಮ ಬರುವವರೆಗೆ ಕನ್ನಡ ಹೆಚ್ಚಿಸಿ. ಇನ್ನೊಂದು ಗಮನಿಸಿ. ಇಂಗ್ಲಿಷಿನಲ್ಲಿ ಹುಬ್ಬಳ್ಳಿ ಎಂಟು ಅಕ್ಷರ, ಅಗಲ ಫಾಂಟಿನಲ್ಲಿ ಉದ್ದಕ್ಕೆ ಮೈಚಾಚುತ್ತದೆ. ಕನ್ನಡದಲ್ಲಿ ಬರೀ ಮೂರು, ಆದರೆ ಕೆಳಗೆ ಆಳ. ಎರಡನ್ನೂ ಒಂದೇ ಉದ್ದಕ್ಕೆ ತರಲು ಹೊರಟರೆ ಕನ್ನಡ ತಾನಾಗಿಯೇ ದೊಡ್ಡದಾಗುತ್ತದೆ, ಕಾನೂನಿನ ಶೇ 60 ಕೂಡ ಸುಲಭವಾಗಿ ಸಿಗುತ್ತದೆ.

ಅಕ್ಷರಗಳ ನಡುವೆ ಜಾಗ ಬಿಡುವುದು ಈ ಶೈಲಿಯ ಇನ್ನೊಂದು ಚಟ. ಇಂಗ್ಲಿಷಿನಲ್ಲಿ ಎಷ್ಟು ಬಿಟ್ಟರೂ ನಡೆಯುತ್ತದೆ. ಕನ್ನಡದಲ್ಲಿ ಸ್ವಲ್ಪವೇ ಬಿಡಿ. ಜಾಸ್ತಿಯಾದರೆ ದೀರ್ಘದ ಗುರುತು ತನ್ನ ಅಕ್ಷರದಿಂದ ಕಳಚಿಕೊಂಡು ಒಂಟಿಯಾಗಿ ತೇಲುತ್ತದೆ, ‘ದುರ್ಗದಬೈಲ್’ ಬರೆದಾಗ ಅರ್ಕಾವೊತ್ತು ನಡುವೆ ಕನ್ನಡದ ಒಂಬತ್ತು ಅಂಕಿಯಂತೆ ನಿಂತುಬಿಡುತ್ತದೆ. ಸಾಲಿನ ನಡುವೆ ಮಾತ್ರ ಧಾರಾಳವಾಗಿರಿ. ಎರಡು ಸಾಲಿನ ಹೆಸರಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಕಬಾರದು. ಸಾಲಿನ ಅಂತರ ಇಂಗ್ಲಿಷಿಗೆ ಅಕ್ಷರದ ಗಾತ್ರದ 1.1 ಪಟ್ಟು ಸಾಕಾದ ಕಡೆ ಕನ್ನಡಕ್ಕೆ 1.4 ಇಟ್ಟು ಶುರು ಮಾಡಿ.

ಯಾವುದರ ಮೇಲೆ ಬರುತ್ತದೆ ಅನ್ನುವುದು ಮುಖ್ಯ

ಬೈಕಿಗೆ, ವ್ಯಾನಿಗೆ ರೇಡಿಯಂ ಕಟಿಂಗ್ ಆದರೆ ಅನೇಕ್ ಥರದ ವೇರಿಯಬಲ್ ಫಾಂಟಿನಲ್ಲಿ ಒಂದು ತೊಂದರೆ ಬರುತ್ತದೆ. ಅಕ್ಷರದ ತುಂಡುಗಳು ಒಂದರ ಮೇಲೊಂದು ಹಾದಿರುತ್ತವೆ. ಪರದೆಯಲ್ಲಿ ಕಾಣುವುದಿಲ್ಲ, ಕಟಿಂಗ್ ಮಿಷನ್ ಮಾತ್ರ ಆ ಒಳಗಿನ ಗೆರೆಯನ್ನೂ ಕೊಯ್ದುಬಿಡುತ್ತದೆ. ಕರ್ವ್ ಮಾಡಿದ, ಅಂದರೆ ಅಕ್ಷರವನ್ನು ಆಕಾರವಾಗಿ ಬದಲಿಸಿದ ಮೇಲೆ ತುಂಡುಗಳನ್ನು ಒಂದು ಮಾಡುವ ವೆಲ್ಡ್ ಕೊಡಲೇಬೇಕು. ಔಟ್‌ಲೈನ್ ಹಾಕುವುದಿದ್ದರೂ ಅಷ್ಟೇ, ಇಲ್ಲದಿದ್ದರೆ ಅಕ್ಷರದ ನಡುವೆ ಬೇಡದ ಗೆರೆ ಕಾಣುತ್ತದೆ.

ಎಲ್‌ಇಡಿ ಹಾಕಿದ ಆಕ್ರಿಲಿಕ್ ಅಕ್ಷರಕ್ಕೆ ದಪ್ಪ ಫಾಂಟೇ ಬೇಕು, ಗೆರೆಯೊಳಗೆ ದೀಪದ ಮಾಡ್ಯೂಲ್ ಕೂರಬೇಕಲ್ಲ. ಇಲ್ಲಿ ಸಿಕ್ಕಿಬೀಳುವುದು ಮತ್ತೆ ಒತ್ತು. ಅಕ್ಷರದ ಮೈಯಲ್ಲಿ ದೀಪ ಕೂರುತ್ತದೆ, ತೆಳುವಾದ ಒತ್ತಿನಲ್ಲಿ ಕೂರುವುದಿಲ್ಲ, ರಾತ್ರಿ ‘ಹುಬ್ಬಳ್ಳಿ’ ಹೋಗಿ ‘ಹುಬಳಿ’ ಉಳಿಯುತ್ತದೆ. ಅದಕ್ಕೇ ಆರ್ಡರ್ ಕೊಡುವಾಗ ಒತ್ತಿನ ಗೆರೆಯ ಅಗಲ ಎಷ್ಟು ಇಂಚು ಬರುತ್ತದೆ ಅಂತ ಕೇಳಿ, ಹೆಸರಿನ ಅಗಲ ಕೇಳುವುದಕ್ಕಿಂತ ಮೊದಲು ಅದನ್ನು ಕೇಳಿ.

ಎಷ್ಟು ದೊಡ್ಡದಿರಬೇಕು? ಬೋರ್ಡು ಮಾಡುವವರ ಸಾಮಾನ್ಯ ಲೆಕ್ಕ ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರ. ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿನ ದಾರಿಯಂಥ ಅಗಲ ರಸ್ತೆಯ ಆಚೆಯಿಂದ, 100 ಅಡಿಯಿಂದ ಓದಬೇಕು ಅಂದರೆ ಹತ್ತು ಇಂಚು. ಆ ಲೆಕ್ಕ ಇಂಗ್ಲಿಷ್ ದೊಡ್ಡಕ್ಷರದ್ದು. ಕನ್ನಡದಲ್ಲಿ ಆ ಹತ್ತು ಇಂಚು ಒತ್ತು ಬಿಟ್ಟು ಬರೀ ಮೈಗೆ ಸಿಗಬೇಕು. ಒತ್ತು ಸೇರಿದ ಪೂರ್ತಿ ಎತ್ತರದಲ್ಲಿ ಮೈಗೆ ಸಿಗುವುದು ಸುಮಾರು ಮೂರರಲ್ಲಿ ಎರಡು ಪಾಲು, ಅಂದರೆ ಹೆಸರಿಗೆ ಕನಿಷ್ಠ 15 ಇಂಚು ಜಾಗ, ಸುತ್ತಲಿನ ಖಾಲಿ ಜಾಗ ಬೇರೆ.

ಪೋಸ್ಟರಿನಲ್ಲಿ ಕಪ್ಪು ಹಿನ್ನೆಲೆಗೆ ನಿಯಾನ್ ಹಸಿರು ಎಲ್ಲರಿಗೂ ಇಷ್ಟ. ಕಪ್ಪಿನ ಮೇಲೆ ತಿಳಿ ಬಣ್ಣದ ಅಕ್ಷರ ಇರುವುದಕ್ಕಿಂತ ದಪ್ಪ ಕಾಣುತ್ತದೆ, ಹಾಗಾಗಿ 800ರ ಬದಲು 700 ತೆಗೆದುಕೊಳ್ಳಿ, ಧದ ಸೀಳು ಉಳಿಯುತ್ತದೆ. ಫೋನಿನಲ್ಲಿ ಹೊಳೆಯುವ ಆ ಹಸಿರು ನಾಲ್ಕು ಬಣ್ಣದ ಮುದ್ರಣದಲ್ಲಿ ಮಂಕಾಗುತ್ತದೆ. ಅದೇ ಹೊಳಪು ಕಾಗದದ ಮೇಲೂ ಬೇಕಾದರೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವವರ ಹತ್ತಿರ ಫ್ಲೋರೊಸೆಂಟ್ ಇಂಕ್ ಕೇಳಿ.

ಫಾಂಟಿನ ಲೈಸೆನ್ಸ್ ಬಗ್ಗೆ ಎರಡೇ ಮಾತು. ಇಲ್ಲಿ ಹೆಸರಿಸಿದ ಗೂಗಲ್ ಫಾಂಟುಗಳು ಓಪನ್ ಫಾಂಟ್ ಲೈಸೆನ್ಸಿನವು, ವ್ಯಾಪಾರಕ್ಕೂ ಬಳಸಬಹುದು, ಲೋಗೋ ಮಾಡಬಹುದು, ತಿದ್ದಲೂಬಹುದು, ಫಾಂಟನ್ನೇ ಬಿಡಿಯಾಗಿ ಮಾರುವ ಹಾಗಿಲ್ಲ. ಬೇರೆ ಕಡೆಯಿಂದ ಇಳಿಸುವ ‘ಸೈ-ಫೈ’ ಫಾಂಟುಗಳಲ್ಲಿ ಎಷ್ಟೋ ವೈಯಕ್ತಿಕ ಬಳಕೆಗೆ ಮಾತ್ರ, ಅಂಗಡಿ ಬೋರ್ಡಿಗೆ ಹಾಕುವಂತಿಲ್ಲ. ಜೊತೆಗೆ ಬರುವ ಟೆಕ್ಸ್ಟ್ ಫೈಲ್ ಓದಿ.

ಕೊನೆಗೆ ಫೈಲ್ ಕೊಡುವಾಗ. ಫ್ಲೆಕ್ಸ್ ಅಂಗಡಿಯ ಕೋರಲ್‌ಡ್ರಾ ಹಳೆಯದಾಗಿದ್ದರೆ ಯುನಿಕೋಡ್ ಕನ್ನಡದ ಒತ್ತು ಕೂಡುವುದಿಲ್ಲ, ‘ಹುಬ್‌ಬಳ್‌ಳಿ’ ಅಂತ ಒಡೆದು ಬರುತ್ತದೆ. ಹಳೇ ಫೋಟೋಶಾಪಿನಲ್ಲೂ ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಇದೇ ಪಾಡು. ಕೆಲವರು ಕಷ್ಟಪಟ್ಟು ಆರಿಸಿದ ಫಾಂಟನ್ನು ಅಲ್ಲಿಗೇ ಬಿಟ್ಟು, ಅಂಗಡಿಯಲ್ಲಿ ಇರುವುದರಲ್ಲೇ ಹಾಕಿಸಿಕೊಂಡು ಬರುತ್ತಾರೆ. ಹಾಗೆ ಮಾಡಬೇಡಿ. ಮನೆಯಲ್ಲೇ ಉಚಿತ ಇಂಕ್‌ಸ್ಕೇಪಿನಲ್ಲಿ ಹೆಸರು ಬರೆದು, ಪಾಥ್‌ಗೆ ಬದಲಿಸಿ, ತುಂಡುಗಳನ್ನು ಒಂದು ಮಾಡಿ, ಪಿಡಿಎಫ್ ತೆಗೆದುಕೊಂಡು ಹೋಗಿ. ಅದರಲ್ಲಿ ಇರುವುದು ಅಕ್ಷರವಲ್ಲ, ಆಕಾರ, ಯಾವ ಕಂಪ್ಯೂಟರಿನಲ್ಲೂ ಒಡೆಯುವುದಿಲ್ಲ. ತಿದ್ದಲು ಬರುವ ಮೂಲ ಫೈಲ್ ನಿಮ್ಮ ಹತ್ತಿರ ಇರಲಿ. ಪ್ರಿಂಟಿಗೆ ಹಾಕುವ ಮುಂಚೆ ಅಂಗಡಿಯ ಪರದೆಯಲ್ಲೇ ಒತ್ತು, ಸೀಳು, ಚುಕ್ಕೆ ಮೂರನ್ನೂ ಒಂದು ಸಲ ನೋಡಿ, ಆಮೇಲೆ ಹೂಂ ಅನ್ನಿ.